ಕೆಂಪು ಸಿಲಿಂಡರ್

ಠಾಣೆಯಲ್ಲಿ ಎಲ್ಲರೂ ಅವರನ್ನು ರೈಟರ್ ಎಂದೇ ಕರೆಯುತ್ತಿದ್ದರು. ಬಂದವರ ದೂರು ಟೈಪು ಮಾಡುವುದು, ಸಿಕ್ಕವರ ಹೇಳಿಕೆ ಟೈಪು ಮಾಡುವುದು, ಎರಡನ್ನೂ ಸೇರಿಸಿ ಕಡತ ಕಟ್ಟುವುದು, ಇಪ್ಪತ್ತೆರಡು ವರ್ಷದಿಂದ ಇಷ್ಟೇ ಅವರ ಕೆಲಸ. ಲಾಠಿ ಹಿಡಿದವರಲ್ಲ, ಕಳ್ಳನ ಹಿಂದೆ ಓಡಿದವರೂ ಅಲ್ಲ. ಓಡಿದ್ದರೆ ಅರ್ಧ ದಾರಿಯಲ್ಲಿ ಕಳ್ಳನೇ ನಿಂತು ಅವರಿಗೆ ನೀರು ಕುಡಿಸಬೇಕಾಗುತ್ತಿತ್ತು, ಅಂಥಾ ಹೊಟ್ಟೆ. ತಾವು ಟೈಪು ಮಾಡಿದ ಹಾಳೆಯಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿಲ್ಲ ಎಂಬ ಜಂಬ ಮಾತ್ರ ಆ ಹೊಟ್ಟೆಗಿಂತ ದೊಡ್ಡದಿತ್ತು.

ಮನೆಯಲ್ಲಿ ಈ ಜಂಬ ನಡೆಯುತ್ತಿರಲಿಲ್ಲ. ತಿಂಗಳ ಸಾಮಾನಿನ ಪಟ್ಟಿಯನ್ನು ಅವರು ಹಿಂದಿನ ತಿಂಗಳ ಪಟ್ಟಿ ಮುಂದಿಟ್ಟುಕೊಂಡೇ ಬರೆಯುತ್ತಿದ್ದರು. ಮನೆ ತುಂಬ ನೆಂಟರಿದ್ದ ತಿಂಗಳು ಬರೆದ ‘ಸೋಪು ಮೂವತ್ತು’ ಆಮೇಲಿನ ಮೂರು ತಿಂಗಳೂ ಹಾಗೇ ಬಂದು, ಅಟ್ಟದ ಮೇಲೆ ಸೋಪಿನ ಅಂಗಡಿಯೇ ಆಗಿತ್ತು. ‘ಸಾಯೋವಾಗಲೂ ನೀವು, ಹಿಂದೆ ಯಾರು ಹೇಗೆ ಸತ್ತಿದ್ರು ಅಂತ ನೋಡ್ಕೊಂಡೇ ಸಾಯ್ತೀರಿ’ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ರೈಟರ್ ನಗುತ್ತಿದ್ದರು. ಮಾದರಿ ಇಟ್ಟುಕೊಂಡು ಬರೆಯುವುದೇ ಅವರ ವಿದ್ಯೆ. ಕಳುವಿನ ದೂರು ಬಂದರೆ ಕಂಪ್ಯೂಟರಿನಲ್ಲಿ ಹಳೆಯ ಕಳುವಿನ ದೂರು ತೆರೆದು, ಹೆಸರು, ದಿನಾಂಕ, ಸಾಮಾನು ಬದಲಿಸಿ, ಹತ್ತು ನಿಮಿಷದಲ್ಲಿ ಕೈಗೆ ಬಿಸಿಬಿಸಿ ಹಾಳೆ ಕೊಡುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಎಂಟಕ್ಕೆ ಊರಿನ ನೀರು ಸರಬರಾಜು ಕೇಂದ್ರದ ಉಗ್ರಾಣದವನು ಓಡೋಡಿ ಬಂದ. ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ, ಕನ್ನಡಕ ಮನೆಯಲ್ಲಿ. ನೀರಿಗೆ ಬೆರೆಸುವ ಕ್ಲೋರಿನ್ ಅನಿಲದ ಸಿಲಿಂಡರೊಂದು ಹಿಂದಿನ ದಿನ ಕಳುವಾಗಿತ್ತು. ಬಿದ್ದುಹೋದ ಹಿಂಗೋಡೆಯ ಪಕ್ಕದಲ್ಲಿ ಖಾಲಿ ಸಿಲಿಂಡರುಗಳ ಸಾಲು, ಆ ಸಾಲಿಗೆ ತುಂಬಿದ್ದೊಂದು ಹೇಗೋ ಸೇರಿಕೊಂಡಿತ್ತು, ಹೋದದ್ದು ಅದೇ. ಯಾರಾದರೂ ಹಳೇ ಕಬ್ಬಿಣವೆಂದು ಅದನ್ನು ಕತ್ತರಿಸಿದರೆ, ಬಿಸಿ ಮಾಡಿದರೆ, ಮೂತಿ ಮುರಿದರೆ, ನಾಲ್ಕು ಬೀದಿಯ ಜನ ಉಸಿರು ಕಟ್ಟಿ ಸಾಯುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವನೇ ಉಸಿರು ಕಟ್ಟಿ ಬೆಂಚಿನ ಮೇಲೆ ಕುಸಿದ.

ರೈಟರ್ ಹಿಂದಿನ ತಿಂಗಳ ದೂರೊಂದನ್ನು ತೆರೆದರು. ಸಿನಿಮಾ ಮಂದಿರದಿಂದ ಬೆಂಕಿ ಆರಿಸುವ ಸಿಲಿಂಡರುಗಳು ಕಳುವಾದ ಪ್ರಕರಣ, ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿ ಸಿಗಬೇಕು? ಸಿನಿಮಾ ಮಂದಿರ ತೆಗೆದು ನೀರು ಕೇಂದ್ರ ಹಾಕಿದರು, ಉದ್ದ, ತೂಕ ಬದಲಿಸಿದರು. ಉಗ್ರಾಣದವನು ಕನ್ನಡಕವಿಲ್ಲದ ಕಣ್ಣಿಂದ ಹಾಳೆ ನೋಡಿ, ತೋರಿಸಿದಲ್ಲಿ ಸಹಿ ಹಾಕಿದ.

ಹೊಸ ಸಾಹೇಬರು, ಅಂದರೆ ಆರು ತಿಂಗಳ ಹಿಂದೆ ಬಂದ ಇನ್ಸ್‌ಪೆಕ್ಟರು, ಹಾಳೆ ಓದಿ ಎದ್ದು ನಿಂತರು. ಅವರು ಕೆಟ್ಟವರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಊರಿನ ಜನ ಸಾಯಬಾರದೆಂದು ಅವರಿಗೂ ನಿಜವಾಗಿಯೇ ಇತ್ತು. ಊರಲ್ಲಿ ಗುಜರಿ ಅಂಗಡಿಗಳೇ ಮುನ್ನೂರರ ಮೇಲೆ. ಸಾರಿ ಹೇಳಿಸಿದರೆ ಇಟ್ಟುಕೊಂಡವನು ಹೆದರಿ ಅದನ್ನು ಮೋರಿಗೆ ಎಸೆದಾನು, ಹಾಗಾಗಿ ಅನಿಲದ ವಿಷಯ ಒಬ್ಬರ ಬಾಯಿಂದಲೂ ಹೊರಬೀಳಬಾರದು ಎಂದು ಅಪ್ಪಣೆಯಾಯಿತು. ನೀರು ಕೇಂದ್ರದ ಕಾವಲುಗಾರ, ಹಿಂದಿನ ಸಂಜೆ ಹಿಂಗೋಡೆಯ ಹತ್ತಿರ ಕಿರ್ರೆನ್ನುವ ತಳ್ಳುಗಾಡಿಯೊಂದನ್ನು ಕಂಡೆನೆಂದ. ಆ ಕಿರ್ರನ್ನು ಊರಲ್ಲಿ ಗುರುತಿಸದವರಿರಲಿಲ್ಲ. ಅದು ಅಯಸ್ಕಾಂತನ ಗಾಡಿ. ಹಗ್ಗಕ್ಕೆ ದೊಡ್ಡದೊಂದು ಅಯಸ್ಕಾಂತ ಕಟ್ಟಿ, ಬೀದಿಯುದ್ದಕ್ಕೂ ಎಳೆದುಕೊಂಡು ಮೊಳೆ, ತಗಡಿನ ಚೂರು ಆಯುವ ಮನುಷ್ಯನಿಗೆ ಬೇರೆ ಹೆಸರು ಯಾಕೆ ಬೇಕು? ಒಂಬತ್ತೂವರೆಗೆ ಅವನು ಠಾಣೆಯ ಹಿಂದಿನ ಕೋಣೆಯಲ್ಲಿದ್ದ.

ಹಿಂದಿನ ಕೋಣೆಯಿಂದ ಸದ್ದು ಬರತೊಡಗಿದಾಗ ರೈಟರ್ ಯಾವಾಗಲೂ ಮಾಡುವಂತೆ ಫ್ಯಾನನ್ನು ಐದಕ್ಕೆ ತಿರುಗಿಸಿ, ಕೀಲಿಗಳನ್ನು ಜೋರಾಗಿ ಕುಟ್ಟತೊಡಗಿದರು. ಅವರಿಗೆ ಹೊಡೆತ ಇಷ್ಟವಿರಲಿಲ್ಲ. ಆದರೆ ಹೊಡೆತ ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಅದರಲ್ಲೂ ಇವತ್ತು ನಾಲ್ಕು ಬೀದಿಯ ಜನರ ಜೀವ. ಇವತ್ತು ಹೊಡೆಯದೆ ಇನ್ನು ಯಾವತ್ತು ಹೊಡೆಯುವುದು ಎಂದುಕೊಂಡರು.

ಈ ಮಾತಿಗೆ ಠಾಣೆಯಲ್ಲಿ ತಕರಾರಿದ್ದದ್ದು ಒಬ್ಬರದ್ದೇ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ಬಸ್ಸು, ಪಾರ್ಕು, ಆಸ್ಪತ್ರೆಗಳಲ್ಲಿ ಜನ ಮರೆತುಹೋದ ಕೊಡೆ, ಬೀಗದ ಕೈ, ಚೀಲ, ಹಲ್ಲಿನ ಸೆಟ್ಟುಗಳ ನಡುವೆ ಕೂರುವ ಸಬ್‌ಇನ್ಸ್‌ಪೆಕ್ಟರು. ವಯಸ್ಸು ಐವತ್ತೇಳು. ಪೊಲೀಸರಿಗೂ ಕಳ್ಳರಿಗೂ ಅವರು ದೊಡ್ಡಮ್ಮ. ಮೂವತ್ತು ವರ್ಷದಲ್ಲಿ ಯಾರ ಮೈಮೇಲೂ ಕೈಮಾಡದೆ ಊರಿನ ಅತಿ ಗಟ್ಟಿ ಬಾಯಿಗಳನ್ನೆಲ್ಲ ಬಿಡಿಸಿದ ಹೆಂಗಸು. ಹೊಸ ಸಾಹೇಬರು ಬಂದ ವಾರವೇ ‘ಮೇಡಂ, ನಿಮ್ಮ ಹರಟೆಗೆ ನಮ್ಮಲ್ಲಿ ಟೈಮಿಲ್ಲ’ ಎಂದು ಅವರನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದರು. ದೊಡ್ಡಮ್ಮ ಮುಖ ಸಿಂಡರಿಸಲಿಲ್ಲ. ಸೂಜಿ ದಾರ ತರಿಸಿಕೊಂಡು, ಕಳೆದುಹೋದ ಕೊಡೆಗಳನ್ನೆಲ್ಲ ರಿಪೇರಿ ಮಾಡುತ್ತ ಕೂತರು. ಕೊಡೆ ಕಳೆದುಕೊಂಡವರು, ಕಳೆದದ್ದಕ್ಕಿಂತ ಒಳ್ಳೆಯ ಕೊಡೆ ತಗೊಂಡು ಹೋಗತೊಡಗಿದರು.

ಒಮ್ಮೆ ರೈಟರ್ ಅವರನ್ನು ಕೆಣಕಿದ್ದರು. ‘ಏನೇ ಹೇಳಿ ದೊಡ್ಡಮ್ಮ, ಏಟಿಗೆ ಬಾಯಿ ಬಿಡದವರಿಲ್ಲ.’

‘ಬಿಡ್ತಾರೆ ರೈಟರೇ, ಯಾರಿಲ್ಲ ಅಂದ್ರು?’ ಅವರು ದಾರ ಕಚ್ಚಿ ತುಂಡರಿಸಿದ್ದರು. ‘ಹಲ್ಲಿನ ಡಾಕ್ಟ್ರ ಹತ್ರಾನೂ ಬಾಯಿ ಬಿಡ್ತಾರೆ. ಬಾಯಿ ಬಿಟ್ಟ ತಕ್ಷಣ ನಿಜ ಬಂತು ಅಂತಾನಾ?’

ಈಗ ಹನ್ನೊಂದು ಗಂಟೆಗೆ ಹಿಂದಿನ ಕೋಣೆಯಿಂದ ಸಾಹೇಬರು ಬೆವರೊರೆಸಿಕೊಳ್ಳುತ್ತ ಬಂದರು. ಗೆದ್ದ ಮುಖ. ‘ಬಾಯಿ ಬಿಟ್ಟ. ಊರಾಚೆ ಕಲ್ಲುಗಣಿ ಹೊಂಡಕ್ಕೆ ಎಸೆದಿದ್ದಾನಂತೆ. ಹೇಳಿಕೆ ಟೈಪ್ ಮಾಡಿಡಿ, ಬಂದು ನೋಡ್ತೀನಿ’ ಎಂದು ಒಂದು ಚೀಟಿ ಕೊಟ್ಟು, ಎರಡು ಜೀಪು, ಮುಳುಗು ತಜ್ಞರ ತಂಡ, ಎಲ್ಲರನ್ನೂ ಕಟ್ಟಿಕೊಂಡು ಹೊರಟೇಹೋದರು. ಠಾಣೆ ಒಮ್ಮೆಲೆ ಖಾಲಿಯಾಯಿತು. ರೈಟರ್ ಫ್ಯಾನನ್ನು ಎರಡಕ್ಕೆ ಇಳಿಸಿ, ನೆಮ್ಮದಿಯಿಂದ ಟೈಪು ಮಾಡತೊಡಗಿದರು. ‘ನಾನು ಸದರಿ ಕೆಂಪು ಬಣ್ಣದ ಸಿಲಿಂಡರನ್ನು ನನ್ನ ತಳ್ಳುಗಾಡಿಯಲ್ಲಿ ಸಾಗಿಸಿ...’

ಆಗ ಅಂಗಳಕ್ಕೆ ಸಣ್ಣ ಲಾರಿಯೊಂದು ಬಂದು ನಿಂತಿತು. ನೀರು ಕೇಂದ್ರದ ಕೆಮಿಸ್ಟ್, ಕೈಯಲ್ಲಿ ಮುಖವಾಡಗಳ ಚೀಲ ಹಿಡಿದ ಸಣಕಲು ಮನುಷ್ಯ, ಕಿಟಕಿಗೆ ಬಂದು ಬಗ್ಗಿದ. ‘ಹುಡುಕೋರಿಗೆ ತೋರಿಸೋಕೆ ಅಂತ ಖಾಲಿದೊಂದು ತಂದಿದ್ದೀನಿ ಸಾರ್. ಕಳುವಾಗಿದ್ದೂ ಥೇಟ್ ಇಂಥದ್ದೇ.’

ರೈಟರ್ ಕತ್ತೆತ್ತಿ ನೋಡಿದರು. ಲಾರಿಯ ಮೇಲೆ ಎದೆಯೆತ್ತರದ ಸಿಲಿಂಡರೊಂದು ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪಟ ಹಳದಿ.

‘ಕೆಂಪು ಅಲ್ವಾ?’ ಎಂದರು, ತಮ್ಮ ದನಿ ತಮಗೇ ಕೇಳದಂತೆ.

‘ಕೆಂಪು ಬೆಂಕಿ ಆರಿಸೋದಕ್ಕೆ ಸಾರ್. ಕ್ಲೋರಿನ್ ಯಾವತ್ತೂ ಹಳದಿ. ಉಗ್ರಾಣದವರು ಹೇಳಿರ್ಬೇಕಲ್ಲ?’

ಉಗ್ರಾಣದವನು ಬಣ್ಣದ ಮಾತು ಎತ್ತಿರಲೇ ಇಲ್ಲ, ಇವರು ಕೇಳಿರಲೂ ಇಲ್ಲ. ಕೆಂಪು ಬಂದದ್ದು ಸಿನಿಮಾ ಮಂದಿರದಿಂದ. ಎಲ್ಲವನ್ನೂ ಬದಲಿಸಿದ ರೈಟರ್ ಆ ಒಂದು ಪದವನ್ನು ಹಾಗೇ ಬಿಟ್ಟಿದ್ದರು. ಅಟ್ಟದ ಮೇಲಿನ ಸೋಪುಗಳೆಲ್ಲ ಒಟ್ಟಿಗೆ ಅವರ ತಲೆಯ ಮೇಲೆ ಸುರಿದವು.

ಮೊದಲು ಅವರು ಮಾಡಿದ್ದೇನು ಗೊತ್ತೇ? ಮುಚ್ಚಿಟ್ಟೇನು ಪ್ರಯೋಜನ, ಹೇಳಿಬಿಡುತ್ತೇನೆ. ದೂರಿನ ಕಡತ ತೆರೆದು, ‘ಕೆಂಪು’ ಅಳಿಸಿ ‘ಹಳದಿ’ ಎಂದು ಕುಟ್ಟಿದರು. ಹೇಳಿಕೆಯಲ್ಲೂ ಅಷ್ಟೇ. ಕ್ಷಣದ ಕೆಲಸ. ಉಗ್ರಾಣದವನಿಂದ ಇನ್ನೊಂದು ಸಹಿ ಹಾಕಿಸಿದರೆ ಮುಗಿಯಿತು, ಇಪ್ಪತ್ತೆರಡು ವರ್ಷದ ಹೆಸರು ಉಳಿಯಿತು. ಆಮೇಲೆ ಅವರ ಕಣ್ಣು ಸಾಹೇಬರ ಚೀಟಿಯ ಮೇಲೆ ಬಿತ್ತು. ಅಯಸ್ಕಾಂತ ಹೇಳಿದ್ದೆಂದು ಸಾಹೇಬರು ಕೈಯಾರೆ ಗೀಚಿದ್ದ ಚೀಟಿ. ಅದರಲ್ಲೂ ಕೆಂಪು.

ಕಳುವಾದದ್ದನ್ನು ಕಣ್ಣಾರೆ ಕಂಡವನು ಅದು ಕೆಂಪೆಂದು ಹೇಳಿದ್ದಾದರೂ ಹೇಗೆ?

ಹೇಳಿಕೆಯನ್ನು ಚೀಟಿಯಲ್ಲಿದ್ದಂತೆಯೇ, ಮತ್ತೆ ಕೆಂಪೆಂದೇ, ಟೈಪು ಮಾಡಿ ಮುಗಿಸಿ ರೈಟರ್ ಎದ್ದರು. ಎರಡು ಹಾಳೆ, ಒಂದು ಚೀಟಿ ಹಿಡಿದುಕೊಂಡು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಠಾಣೆಯೊಳಗೆ ಓಡಿದರು.

ದೊಡ್ಡಮ್ಮ ಕಪ್ಪು ಕೊಡೆಯೊಂದನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದರು. ರೈಟರ್ ಹೇಳಿದ್ದನ್ನೆಲ್ಲ ಸೂಜಿ ಕೆಳಗಿಟ್ಟು ಕೇಳಿದರು. ಸಿನಿಮಾ ಮಂದಿರ, ಮಾದರಿ, ಮೊದಲು ಗುಟ್ಟಾಗಿ ತಿದ್ದಿದ್ದು, ಎಲ್ಲವನ್ನೂ ರೈಟರ್ ಒಪ್ಪಿಸಿಬಿಟ್ಟರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು.

‘ಒಳ್ಳೇ ಕೆಲಸ ಮಾಡಿದ್ರಿ’ ಎಂದರು ದೊಡ್ಡಮ್ಮ. ‘ತಪ್ಪು ಮಾಡಿದ್ದಕ್ಕಲ್ಲ, ಬಂದು ಹೇಳಿದ್ದಕ್ಕೆ. ಕೂತ್ಕೊಳ್ಳಿ. ಪೆನ್ಸಿಲ್ ಇದೆಯಾ? ಆ ಹೇಳಿಕೇಲಿ ನಮಗೆ ಮೊದಲೇ ಗೊತ್ತಿದ್ದ ಮಾತುಗಳ ಕೆಳಗೆಲ್ಲ ಗೆರೆ ಎಳೀರಿ.’

ರೈಟರ್ ಗೆರೆ ಎಳೆದರು. ನೀರು ಕೇಂದ್ರದ ಹಿಂಗೋಡೆ, ಅದು ದೂರಿನಲ್ಲೇ ಇತ್ತು. ಸಂಜೆ ಹೊತ್ತು, ಕಿರ್ರೆನ್ನುವ ತಳ್ಳುಗಾಡಿ, ಎರಡೂ ಕಾವಲುಗಾರ ಹೇಳಿದ್ದು. ಸಿಲಿಂಡರಿನ ಉದ್ದ, ತೂಕ ದೂರಿನದ್ದು. ಕೆಂಪು, ತಮ್ಮದೇ. ಕಲ್ಲುಗಣಿ? ಅಲ್ಲಿ ಪೆನ್ಸಿಲ್ ನಿಂತಿತು. ಹಿಂದಿನ ಕೋಣೆಯ ಬಾಗಿಲಲ್ಲಿ ಕಾವಲಿಗೆ ಉಳಿದಿದ್ದ ಪೇದೆಯನ್ನು ದೊಡ್ಡಮ್ಮ ಕೂಗಿ ಕೇಳಿದರು, ‘ಕಲ್ಲುಗಣಿ ಅಂತ ಮೊದಲು ಅಂದಿದ್ಯಾರಪ್ಪ? ಅವನಾ, ಸಾಹೇಬರಾ?’

ಪೇದೆ ಕಾಲು ಬದಲಿಸಿ ನಿಂತ. ‘ಸಾಹೇಬರೇ ಮೇಡಂ. “ಗುಜರೀಲಿ ಮಾರಿದ್ಯಾ, ಚರಂಡಿಗೆ ಹಾಕಿದ್ಯಾ, ಕಲ್ಲುಗಣಿಗೆ ಎಸೆದ್ಯಾ” ಅಂತ ಒಂದೊಂದಾಗಿ ಕೇಳ್ತಿದ್ರು. ಕಲ್ಲುಗಣಿ ಅಂದಾಗ ಅವನು ಹೂಂ ಅಂದ.’

ರೈಟರ್ ಕೊನೆಯ ಗೆರೆಯನ್ನೂ ಎಳೆದರು. ಹಾಳೆಯಲ್ಲಿ ಗೆರೆಯಿಲ್ಲದ ಸಾಲು ಉಳಿದಿರಲಿಲ್ಲ.

‘ನೋಡಿದ್ರಾ?’ ಎಂದರು ದೊಡ್ಡಮ್ಮ. ‘ಪೂರ್ತಿ ಹಾಳೆ ನಮ್ಮದೇ. ನಾವು ಹೇಳಿದ್ದನ್ನೇ ನಮಗೆ ವಾಪಸ್ ಕೊಟ್ಟಿದ್ದಾನೆ, ಪಾಪ. ನೋವು ನಿಲ್ಲಬೇಕು ಅಂದ್ರೆ ಮನುಷ್ಯ ಹುಡುಕೋದು ನಿಜಾನಲ್ಲ ರೈಟರೇ, ಎದುರಿಗೆ ನಿಂತೋನು ಕೇಳಬೇಕು ಅಂತಿರೋ ಮಾತನ್ನ.’

ಇಪ್ಪತ್ತೆರಡು ವರ್ಷದಲ್ಲಿ ಹಿಂದಿನ ಕೋಣೆಯಿಂದ ಬಂದು ತಮ್ಮ ಕೈಯಲ್ಲಿ ಹಾದುಹೋದ ಹೇಳಿಕೆಗಳೆಲ್ಲ ರೈಟರಿಗೆ ನೆನಪಾದವು. ಎಲ್ಲವೂ ಎಷ್ಟು ನುಣುಪಾಗಿದ್ದವು, ದೂರಿಗೆ ಎಷ್ಟು ಸರಿಯಾಗಿ ಹೊಂದುತ್ತಿದ್ದವು! ತಮ್ಮ ಕೈಗುಣ ಅದು ಎಂದು ಹೆಮ್ಮೆಪಟ್ಟಿದ್ದರು. ಈಗ ಅವುಗಳ ಕೆಳಗೂ ಮನಸ್ಸಿನಲ್ಲೇ ಗೆರೆ ಎಳೆಯತೊಡಗಿದರು.

ದೊಡ್ಡಮ್ಮ ಸಾಹೇಬರಿಗೆ ಫೋನು ಮಾಡಿದರು. ‘ಬಣ್ಣ ಗಿಣ್ಣ ಆಮೇಲೆ ನೋಡೋಣ ಮೇಡಂ, ಇಲ್ಲಿ ಜನ ನೀರಿಗಿಳಿದಿದ್ದಾರೆ’ ಎಂದು ಫೋನು ಬಿತ್ತು. ಗಡಿಯಾರ ಹನ್ನೆರಡು ದಾಟಿತ್ತು. ದೊಡ್ಡಮ್ಮ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನೀರಿನ ಚೊಂಬು ಹಿಡಿದು ಹಿಂದಿನ ಕೋಣೆಗೆ ನಡೆದರು. ಯಾರನ್ನೂ ಒಳಗೆ ಬಿಡಬಾರದೆಂದು ಸಾಹೇಬರ ಆರ್ಡರ್ ಆಗಿದೆಯೆಂದ ಪೇದೆ. ‘ಬಿಡ್ಸೋಕೆ ಬಂದಿಲ್ಲಪ್ಪ, ಕೂರೋಕೆ ಬಂದಿದ್ದೀನಿ’ ಎಂದು ಅವರು ಒಳಗೆ ಹೋದರು.

ಅಯಸ್ಕಾಂತ ಗೋಡೆಗೊರಗಿ ಕಾಲು ನೀಡಿಕೊಂಡಿದ್ದ. ನಲವತ್ತರ ಆಸುಪಾಸು, ತುಕ್ಕು ಹಿಡಿದ ಬೆರಳುಗಳು, ಬಾತ ಅಂಗಾಲು. ಬಾಗಿಲು ತೆರೆದದ್ದೇ ‘ಹೂಂ ಸ್ವಾಮಿ, ಹೂಂ ಸ್ವಾಮಿ’ ಎಂದ. ಯಾರೂ ಇನ್ನೂ ಏನೂ ಕೇಳಿರಲಿಲ್ಲ. ಆ ಹೂಂ ಕೇಳಿ ರೈಟರ್ ಬಾಗಿಲಲ್ಲೇ ನಿಂತುಬಿಟ್ಟರು.

ದೊಡ್ಡಮ್ಮ ಕುರ್ಚಿಯನ್ನು ಹೊರಗೆ ತಳ್ಳಿಸಿ, ನೆಲದ ಮೇಲೆ ಅವನ ಪಕ್ಕದಲ್ಲಿ ಕೂತರು. ರೈಟರಿಗೂ ಕೂರುವಂತೆ ಕಣ್ಸನ್ನೆ ಮಾಡಿದರು. ರೈಟರ್ ನೆಲಕ್ಕೆ ಕೂತು ಎಷ್ಟು ವರ್ಷವಾಗಿತ್ತೋ, ಗೋಡೆ ಹಿಡಿದು, ಮೊಣಕಾಲೂರಿ, ಉಸ್ಸೆಂದು ಮೂರು ಕಂತಿನಲ್ಲಿ ಕೂತರು. ಅಯಸ್ಕಾಂತ ನೀರು ಕುಡಿದ. ಕೆಮಿಸ್ಟನ ಲಾರಿಯ ಪೆಟ್ಟಿಗೆಯಿಂದ ತಂದ ಮುಲಾಮನ್ನು ದೊಡ್ಡಮ್ಮ ತಾವೇ ಅವನ ಕಾಲಿಗೆ ಹಚ್ಚಿದರು. ಆಮೇಲೆ ಕೊಡೆ ಬಿಚ್ಚಿ, ‘ಈ ಕಡ್ಡಿ ಸ್ವಲ್ಪ ಹಿಡ್ಕೊಳ್ಳಪ್ಪ, ನನಗೆ ಮೂರನೇ ಕೈ ಇಲ್ಲ’ ಎಂದರು.

ಅವನು ಹಿಡಿದುಕೊಂಡ. ದೊಡ್ಡಮ್ಮ ಹೊಲಿಯತೊಡಗಿದರು. ಊರು ಉರಿಯುವ ಹೊತ್ತಿನಲ್ಲಿ ಇವರು ಕೊಡೆ ಹೊಲಿಯುತ್ತಿದ್ದಾರಲ್ಲ ಎಂದು ರೈಟರಿಗೆ ಕೂಗಬೇಕೆನಿಸಿತು. ಕೂಗಲಿಲ್ಲ, ಏಕೆಂದರೆ ಅಯಸ್ಕಾಂತನ ಕೈ ನಡುಗುವುದು ನಿಲ್ಲುತ್ತಿರುವುದು ಅವರಿಗೇ ಕಾಣುತ್ತಿತ್ತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

‘ರೈಟರು ನಿನಗೇನೋ ಹೇಳಬೇಕಂತೆ’ ಎಂದರು ದೊಡ್ಡಮ್ಮ.

ಇದು ರೈಟರಿಗೆ ಗೊತ್ತಿರಲಿಲ್ಲ. ಆದರೆ ಏನು ಹೇಳಬೇಕೆಂದು ಗೊತ್ತಿತ್ತು. ‘ನೋಡಪ್ಪ, ಆ ಸಿಲಿಂಡರಿನ ಬಣ್ಣ ನಾನು ತಪ್ಪು ಬರೆದಿದ್ದೆ. ಬೇರೆ ಯಾವುದೋ ಕೇಸಿನದ್ದು ಹಾಗೇ ಇಳಿಸಿಬಿಟ್ಟೆ. ಸಾಹೇಬರು ಅದನ್ನೇ ಓದಿಕೊಂಡು ನಿನ್ನ ಕೇಳಿದ್ದು. ತಪ್ಪು ನಿನ್ನದಲ್ಲ, ನನ್ನದು.’

ಅಯಸ್ಕಾಂತ ಅವರನ್ನು ಬಹಳ ಹೊತ್ತು ನೋಡಿದ. ಠಾಣೆಯಲ್ಲಿ ಯಾರಾದರೂ ‘ತಪ್ಪು ನನ್ನದು’ ಎಂದದ್ದನ್ನು ಅವನು ಕೇಳಿದ್ದು ಇದೇ ಮೊದಲು. ಆಮೇಲೆ ಅವನ ಬಾತ ಮುಖದಲ್ಲಿ ನಗುವಿನಂಥದ್ದೇನೋ ಬಂತು.

‘ಅಯ್ಯೋ, ನೀವಾ ಸ್ವಾಮಿ ಅದು! ನಾನು ಬಂದ ತಕ್ಷಣಾನೇ ಹಳದಿ ಅಂದೆ. ಒಂದೇ ಒಂದು ತಗೊಂಡೆ, ಹಳದೀದು, ಬಿಸಾಕಿದ್ದು ಅಂದ್ಕೊಂಡೆ ಅಂತ. “ಕೆಂಪಿಗೆ ಹಳದಿ ಅಂತೀಯಾ, ಸುಳ್ಳು ಬೊಗಳ್ತೀಯಾ” ಅಂತ ಸಾಹೇಬರು ಮೊದಲನೇ ಏಟು ಹಾಕಿದ್ದೇ ಅದಕ್ಕೆ. ಆಮೇಲೆ ನಾನು ಯಾಕೆ ಹಳದಿ ಅನ್ನಲಿ?’

ಅವನು ನಿಜವನ್ನೇ ಹೇಳಿದ್ದ, ಒಂಬತ್ತೂವರೆಗೇ, ಏಟು ಬೀಳುವ ಮೊದಲೇ. ಹೊಡೆತ ಅವನೊಳಗಿಂದ ನಿಜವನ್ನು ಹೊರಗೆ ತಂದಿರಲಿಲ್ಲ, ಹೊರಗೆ ಬಂದ ನಿಜವನ್ನು ಒಳಗೆ ಅಟ್ಟಿತ್ತು. ಆ ಮೊದಲ ಏಟಿನ ಮೇಲೆ ತಮ್ಮ ಬೆರಳ ಗುರುತಿದೆ ಎಂದು ರೈಟರಿಗೆ ಅರ್ಥವಾಯಿತು. ಫ್ಯಾನನ್ನು ಐದಕ್ಕಿಟ್ಟು ಕೀಲಿ ಕುಟ್ಟಿದ್ದರಿಂದ, ಹಳದಿ ಎಂಬ ಆ ಮಾತು ಎರಡು ಗೋಡೆಯಾಚೆ ಕೂತಿದ್ದ ಅವರ ಕಿವಿಗೂ ಬಿದ್ದಿರಲಿಲ್ಲ.

ದೊಡ್ಡಮ್ಮ ಕೈಯ ಕೆಲಸ ನಿಲ್ಲಿಸಲಿಲ್ಲ. ‘ಆಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನಾನು ಕೇಳಲ್ಲ. ಯಾಕೆ ಹೇಳಲಿಲ್ಲ ಅನ್ನೋದನ್ನ ಹೇಳು, ಸಾಕು.’

‘ಯಾಕೆ ಅಂದ್ರೆ...’ ಅವನು ಕೊಡೆಯ ಕಡ್ಡಿಯನ್ನೇ ನೋಡುತ್ತಿದ್ದ. ‘ನಿಜ ಹೇಳಿದ ನನಗೇ ಇಷ್ಟು ಬಿತ್ತಲ್ಲ ಅಮ್ಮಾ. ಅದು ಇನ್ನೊಬ್ಬರ ಹತ್ರ ಇದೆ ಅಂದ್ರೆ ಅವರನ್ನೂ ಇಲ್ಲಿಗೇ ತರ್ತೀರಿ, ಹಿಂಗೇ ಕೂರಿಸ್ತೀರಿ. ನಾನು ಸತ್ತರೂ ಪರವಾಗಿಲ್ಲ, ಆ ಹೆಸರು ಹೇಳಬಾರದು ಅಂದ್ಕೊಂಡೆ. ಅಷ್ಟರಲ್ಲಿ ಸಾಹೇಬರೇ ಕಲ್ಲುಗಣಿ ಅಂದ್ರು. ಸದ್ಯ ಅಂತ ಹೂಂ ಅಂದೆ.’

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಆ ಇನ್ನೊಬ್ಬರು ಯಾರೆಂದು ಮೇಲೆ ಬೀಳುತ್ತಿದ್ದರು. ರೈಟರ್ ಬಾಯಿ ತೆರೆದೂ ಆಗಿತ್ತು. ದೊಡ್ಡಮ್ಮ ಸೂಜಿಯನ್ನು ಕೊಡೆಗೆ ಚುಚ್ಚಿಟ್ಟು, ಬಾಗಿಲ ಕಡೆ ತಿರುಗಿ ಕೆಮಿಸ್ಟನನ್ನು ಕರೆದರು.

‘ಅದರೊಳಗೆ ಏನಿದೆ ಅಂತ ಇವನಿಗೆ ಹೇಳಿ. ಒಂದೂ ಬಿಡದೆ.’

ಕೆಮಿಸ್ಟ್ ರೈಟರ್ ಮುಖ ನೋಡಿದ. ‘ಹೇಳಬಾರದು ಅಂತ ಆರ್ಡರ್...’

‘ಆರ್ಡರ್ ಮುರಿದೋಳು ನಾನು, ನೀವಲ್ಲ. ಹೇಳಿ.’

ಕೆಮಿಸ್ಟ್ ಹೇಳಿದ. ಖಾಲಿಯೆಂದುಕೊಂಡದ್ದು ತುಂಬಿತ್ತು. ಒಳಗಿರುವುದು ಹೊರಗೆ ಬಂದರೆ ಕಣ್ಣು ಉರಿಯುತ್ತದೆ, ಗಂಟಲು ಉರಿಯುತ್ತದೆ, ಎದೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿಯುತ್ತದೆ, ಹಾಗಾಗಿ ಮೊದಲು ಸಿಕ್ಕುವವರು ಮಕ್ಕಳು. ಗ್ಯಾಸ್ ಕಟ್ಟರಿನ ಬಿಸಿ ತಗುಲಿದರೆ ಮುಗಿಯಿತು.

ಅಯಸ್ಕಾಂತನ ಕೈಯಿಂದ ಕಡ್ಡಿ ಜಾರಿತು. ಬಾತ ಅಂಗಾಲಿನ ಮೇಲೆ ಎದ್ದು ನಿಂತೇಬಿಟ್ಟ. ‘ಅಕ್ಕನ ಅಂಗಡೀಲಿದೆ! ಗುಜರಿ ಬೀದಿ, ಕೊನೇದು! ಅಮ್ಮಾ, ಇವತ್ತು ಗುರುವಾರ, ಕಟ್ಟರಿನವನು ಬರೋ ದಿನ! ಎರಡು ಗಂಟೆಗೆ ನಮ್ಮ ಬೀದಿಗೆ ಬರ್ತಾನೆ. ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು...’ ಅಳು ನುಗ್ಗಿ ಬಂದು ಅವನ ಮಾತು ತಡವರಿಸಿತು. ‘ಇಷ್ಟು ಮಾತ್ರ ಬೆಳಿಗ್ಗೆ ಯಾರಾದ್ರೂ ಹೇಳಿದ್ರೆ ನಾನೇ ತಳ್ಕೊಂಡು ಬಂದು ಬಾಗಿಲಿಗಿಟ್ಟು ಹೋಗ್ತಿದ್ದೆನಲ್ಲಾ! ನನ್ನ ಯಾರೂ ಮನುಷ್ಯ ಅಂದ್ಕೊಳ್ಳಲೇ ಇಲ್ಲವಲ್ಲಾ!’

‘ನಾನು ಅಂದ್ಕೊಂಡಿದ್ದೀನಿ. ನಡಿ’ ಎಂದರು ದೊಡ್ಡಮ್ಮ. ‘ನಿನ್ನ ಅಕ್ಕನ ಮೈ ಯಾರೂ ಮುಟ್ಟಲ್ಲ. ನೀನೇ ಮುಂದೆ ಕೂತು ದಾರಿ ತೋರಿಸು, ಮೊದಲು ನೀನೇ ಅವಳ ಹತ್ರ ಮಾತಾಡು.’

ಪೇದೆ ಅಡ್ಡ ನಿಲ್ಲಲಿಲ್ಲ. ಅಯಸ್ಕಾಂತನ ಒಂದು ಕಂಕುಳಿಗೆ ಅವನು ಕೈ ಕೊಟ್ಟ, ಇನ್ನೊಂದಕ್ಕೆ ರೈಟರ್ ಕೊಟ್ಟರು. ಸಾಹೇಬರು ಜೀಪುಗಳನ್ನೆಲ್ಲ ಒಯ್ದಿದ್ದರಿಂದ ಎಲ್ಲರೂ ಕೆಮಿಸ್ಟನ ಲಾರಿ ಹತ್ತಿದರು. ರೈಟರಿಗೆ ಸಿಕ್ಕ ಜಾಗ ಹಿಂದುಗಡೆ, ಆ ಖಾಲಿ ಹಳದಿ ಸಿಲಿಂಡರಿನ ಪಕ್ಕದಲ್ಲಿ. ದಾರಿಯುದ್ದಕ್ಕೂ ಅದು ಅವರ ತೊಡೆಗೆ ಗುದ್ದುತ್ತಿತ್ತು. ಗುದ್ದಲಿ ಎಂದು ಸುಮ್ಮನಿದ್ದರು.

ಗುಜರಿ ಬೀದಿಗೆ ಲಾರಿ ತಿರುಗಿದಾಗ ಒಂದೂ ಇಪ್ಪತ್ತು. ಎರಡಕ್ಕೆ ಬರಬೇಕಾದ ಕಟ್ಟರಿನವನು ಅವತ್ತು ಬೇಗನೇ ಬಂದಿದ್ದ. ಕೊನೆಯಿಂದ ಎರಡನೇ ಅಂಗಡಿಯ ಮುಂದೆ ಕೂತು, ಹಳೆಯ ಬಸ್ಸಿನ ಬಾಗಿಲನ್ನು ಕಿಡಿ ಹಾರಿಸುತ್ತ ಕತ್ತರಿಸುತ್ತಿದ್ದ. ಅವನಿಂದ ಹತ್ತು ಹೆಜ್ಜೆಯಾಚೆ ಅಕ್ಕನ ಅಂಗಡಿ. ಅಲ್ಲಿ ಹಳದಿ ಸಿಲಿಂಡರು ಅಡ್ಡ ಮಲಗಿತ್ತು, ಅದರ ಮೇಲೆ ಸಣ್ಣ ಹುಡುಗಿಯೊಬ್ಬಳು ಕೂತಿದ್ದಳು, ಅಕ್ಕ ಹಿಂದೆ ನಿಂತು ಅವಳಿಗೆ ಜಡೆ ಹಾಕುತ್ತಿದ್ದಳು.

ಅಯಸ್ಕಾಂತ ಲಾರಿಯಿಂದ ಬಿದ್ದನೋ ಇಳಿದನೋ, ‘ಅಕ್ಕಾ, ಪುಟ್ಟೀನ ಎತ್ಕೋ!’ ಎಂದು ಕೂಗಿದ. ಅವಳು ತಮ್ಮನ ಮುಖ ನೋಡಿದಳು, ಕಾಲು ನೋಡಿದಳು, ಯಾಕೆಂದು ಕೇಳಲಿಲ್ಲ. ಮಗಳನ್ನು ಎತ್ತಿಕೊಂಡು, ಇನ್ನೊಬ್ಬಳ ಕೈ ಹಿಡಿದು, ಬೀದಿಯಾಚೆ ನಡೆದಳು. ದೊಡ್ಡಮ್ಮ ಕಟ್ಟರಿನವನ ಭುಜ ತಟ್ಟಿ, ‘ಸ್ವಲ್ಪ ಆರಿಸಪ್ಪ, ನಿನ್ನ ಹತ್ರ ಒಂದು ಕೆಲಸ ಇದೆ’ ಎಂದರು, ಕೊಡೆ ಹಿಡಿದುಕೋ ಎಂದ ಅದೇ ದನಿಯಲ್ಲಿ. ಅವನು ಆರಿಸಿದ. ಕೆಮಿಸ್ಟ್ ಮುಖವಾಡ ಹಾಕಿಕೊಂಡು ಸಿಲಿಂಡರಿನ ಮೂತಿಯ ಮೇಲೆ ಬಗ್ಗಿ, ಬಹಳ ಹೊತ್ತು ಪರೀಕ್ಷಿಸಿ, ಹೆಬ್ಬೆರಳೆತ್ತಿದ. ಅಂಗಡಿಗಳಿಂದ ಹೊರಗೆ ಬಂದು ನಿಂತ ಜನರಿಗೆ ಏನಾಯಿತೆಂದು ಗೊತ್ತಾಗಲಿಲ್ಲ. ಬೀದಿ ಮಧ್ಯೆ ದಪ್ಪ ಹೊಟ್ಟೆಯ ಪೊಲೀಸಿನವನೊಬ್ಬ ಟೋಪಿ ತೆಗೆದು ಮುಖ ಮುಚ್ಚಿಕೊಂಡು ಅಳುತ್ತಿದ್ದುದು ಮಾತ್ರ ಕಂಡಿತು.

ದೊಡ್ಡಮ್ಮನನ್ನು ರೈಟರ್ ಇಷ್ಟು ವರ್ಷ ಒಳ್ಳೆಯ ಹೆಂಗಸು ಎಂದು ಮೆಚ್ಚಿದ್ದರು. ಒಳ್ಳೆಯತನ ಚೆಂದ, ಆದರೆ ಕೆಲಸಕ್ಕೆ ಬರುವುದಿಲ್ಲ ಎಂಬ ಧಾಟಿಯ ಮೆಚ್ಚುಗೆ ಅದು. ಈಗ ಗೊತ್ತಾಯಿತು, ಠಾಣೆಯಲ್ಲಿ ನಿಜವಾಗಿ ಕೆಲಸ ಬಲ್ಲವರು ಅವರೊಬ್ಬರೇ. ಸಾಹೇಬರು ಒಂದೂವರೆ ಗಂಟೆಯಲ್ಲಿ ಕಳೆದದ್ದನ್ನು ಅವರು ಅರ್ಧ ಗಂಟೆಯಲ್ಲಿ ಹುಡುಕಿಕೊಟ್ಟಿದ್ದರು. ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದ್ದೇನೋ ಸರಿಯಾದವರನ್ನೇ.

ಮೂರು ಗಂಟೆಗೆ ಸಾಹೇಬರು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ವಾಪಸಾದರು. ಹೊಂಡದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಹಳೇ ಸೈಕಲ್ಲು. ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದು, ಆಮೇಲೆ ನೆಟ್ಟಗೆ ಕೂತರು. ‘ಒಟ್ಟಿನಲ್ಲಿ ಸಿಕ್ತಲ್ಲ. ಬರ್ಕೊಳ್ಳಿ ರೈಟರೇ: ಕಠಿಣ ವಿಚಾರಣೆಗೆ ಒಳಪಡಿಸಲಾಗಿ, ಆರೋಪಿಯು ಸತ್ಯಾಂಶವನ್ನು ಒಪ್ಪಿಕೊಂಡು... ಮಾಮೂಲಿ ಇದೆಯಲ್ಲ, ಅದೇ.’

ಮಾಮೂಲಿ ಇತ್ತು. ಕಂಪ್ಯೂಟರಿನಲ್ಲಿ ಅಂಥ ಮಾದರಿಗಳು ನೂರಾರಿದ್ದವು, ಎಲ್ಲವೂ ರೈಟರೇ ಟೈಪು ಮಾಡಿದ್ದು. ಹೊಡೆತದಿಂದ ನಿಜ ಬರುತ್ತದೆಂದು ಊರಿಗೆಲ್ಲ ನಂಬಿಕೆ ಬಂದದ್ದು ಹೇಗೆಂದು ಅವರಿಗೆ ಆ ಕ್ಷಣ ಹೊಳೆಯಿತು. ಹಾಗೆಂದು ಬರೆದಿಟ್ಟವರು ತಾವೇ.

‘ಅದು ಆಗಲ್ಲ ಸಾರ್’ ಎಂದರು. ಮೇಜಿನ ಅಂಚು ಹಿಡಿದುಕೊಂಡರು. ‘ನಡೆದದ್ದು ನಡೆದ ಹಾಗೇ ಬರೀತೀನಿ. ಮೊದಲ ಸಾಲಲ್ಲಿ ನನ್ನ ತಪ್ಪು ಬರುತ್ತೆ. ಆಮೇಲೆ ನಿಮ್ಮದು ಬರುತ್ತೆ. ಎರಡಕ್ಕೂ ಏನು ಶಿಕ್ಷೆಯೋ ಆಗಲಿ.’

ಸಾಹೇಬರ ಮುಖ ಕೆಂಪಾಯಿತು. ಅವರು ಮೆಟ್ಟಿಲ ಕೆಳಗಿನ ಕೋಣೆಯ ಕಡೆ ನೋಡಿದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು, ಹೊಲಿದು ಮುಗಿಸಿದ ಕೊಡೆಯನ್ನು ಬಿಚ್ಚಿ ಮುಚ್ಚಿ ಪರೀಕ್ಷಿಸುತ್ತಿದ್ದರು. ಸಾಹೇಬರು ಕೆಸರು ಕಾಲಿನಲ್ಲೇ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ರೈಟರ್ ಫ್ಯಾನು ಆರಿಸಿದರು. ಹಳೆಯ ಕಡತವೊಂದನ್ನೂ ತೆರೆಯಲಿಲ್ಲ. ಏನೂ ಇಲ್ಲದ ಬಿಳಿ ಹಾಳೆ ಎದುರಿಗಿಟ್ಟುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಯಸ್ಕಾಂತನನ್ನು ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಓದು ಬಾರದ್ದರಿಂದ, ಅವನ ಹೇಳಿಕೆಯನ್ನು ತಾವೇ ಗಟ್ಟಿಯಾಗಿ ಓದಿ ಹೇಳಿದರು. ಅವನು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದ.

‘ಸ್ವಾಮಿ, ಹಳದಿ ಅಂತ ಹಾಕಿದ್ದೀರಲ್ಲ?’

‘ಹಾಕಿದ್ದೀನಿ. ಓದಿದೆನಲ್ಲ.’

‘ಮೊದಲೇ ಅಂದಿದ್ದೆ ಅಂತ?’

ರೈಟರ್ ಹಾಳೆ ನೋಡಿದರು. ಅದೊಂದು ಬಿಟ್ಟುಹೋಗಿತ್ತು. ಮತ್ತೆ ಕೂತು, ಅವನಿಗೆ ಕೇಳುವಂತೆ ಒಂದೊಂದೇ ಪದ ಹೇಳುತ್ತ ಒತ್ತಿದರು: ಅದು ಹಳದಿಯೆಂದು ನಾನು ಬೆಳಿಗ್ಗೆ ಒಂಬತ್ತೂವರೆಗೇ, ಯಾರೂ ನನ್ನನ್ನು ಹೊಡೆಯುವ ಮೊದಲೇ, ಹೇಳಿದ್ದೆ.